ಡಬ್ಬಿ ಖಾಲಿಯಾಗುವುದರೊಳಗೆ

“ಈ ಡಬ್ಬಿ ಖಾಲಿ ಆಗೋದ್ರೊಳಗೆ ನಿಮ್ಮಪ್ಪನ ಮುಂದೆ ಬಂದು ನಿಂತು ಕೇಳ್ತೀನಿ ಕಣ್ರೀ. ಇದು ನನ್ ಮಾತು.”

೧೯೯೭ರ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಗೂಳೂರಿನ ಹತ್ತಿರ ಟೈರು ಪಂಕ್ಚರಾಗಿ ನಿಂತಿದ್ದ ಕುಣಿಗಲ್–ತುಮಕೂರು ಬಸ್ಸಿನ ನೆರಳಿನಲ್ಲಿ ಕನಕರಾಜು ಈ ಮಾತು ಕೊಟ್ಟ. ಕೊಟ್ಟಿದ್ದು ಸ್ವರ್ಣಲತಾಗೆ. ಮಾತಿನ ಜೊತೆಗೆ ಅವಳ ಕೈಗೆ ಬಂದದ್ದು ಅಂಗೈಯಗಲದ ಒಂದು ತಗಡಿನ ಡಬ್ಬಿ. ಮುಚ್ಚಳದ ಮೇಲೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆಯ ಚಿತ್ರ, ಒಳಗೆ ಹಸಿರು ಪುಡಿ. ಗ್ರೀನ್ ಟೀ.

ಹನ್ನೊಂದು ವರ್ಷವಾಯಿತು. ಈಗ ತುಮಕೂರಿನ ಯಾವ ಸೂಪರ್ ಮಾರ್ಕೆಟ್ಟಿಗೆ ಹೋದರೂ ಗ್ರೀನ್ ಟೀ ಸಿಗುತ್ತದೆ. ತೂಕ ಇಳಿಸಲು, ಸಕ್ಕರೆ ಕಾಯಿಲೆಗೆ, ಮುಖದ ಕಾಂತಿಗೆ ಎಂದೆಲ್ಲ ಡಬ್ಬಿಯ ಮೇಲೆ ಬರೆದಿರುತ್ತಾರೆ. ಅದನ್ನು ಓದಿದಾಗಲೆಲ್ಲ ಸ್ವರ್ಣಲತಾಗೆ ನಗು ಬರುತ್ತದೆ. ಅವಳ ತೂಕವಂತೂ ಇಳಿದಿಲ್ಲ. ಇಬ್ಬರು ಮಕ್ಕಳು, ಬೆಳಗಿನ ತಿಂಡಿ, ಎರಡು ಟಿಫನ್ ಬಾಕ್ಸು, ಒಂಬತ್ತೂವರೆಗೆ ಡಿಟಿಪಿ ಸೆಂಟರು, ಸಂಜೆ ಹೋಮ್‌ವರ್ಕು. ಇವುಗಳ ಮಧ್ಯೆ ಅವಳದು ಅಂತ ಇರುವುದು ಬೆಳಗಿನ ಐದು ಗಂಟೆಯ ಹತ್ತು ನಿಮಿಷ ಮಾತ್ರ. ನೀರು ಕಾಯಿಸುತ್ತಾಳೆ, ಒಲೆ ಆರಿಸುತ್ತಾಳೆ, ಕಾಯುತ್ತಾಳೆ. ಈ ಟೀಗೆ ಕುದಿಯುವ ನೀರು ಹಾಕಬಾರದು. ಹಾಕಿದರೆ ಸುಟ್ಟುಕೊಂಡು ಕಹಿಯಾಗುತ್ತದೆ. ನೀರಿನ ಸಿಟ್ಟು ಇಳಿಯುವ ತನಕ ಸುಮ್ಮನೆ ಕೂತಿರಬೇಕು. ದಿನದಲ್ಲಿ ಯಾರೂ “ಅಮ್ಮಾ” ಎಂದು ಕೂಗದ ಹೊತ್ತು ಅದೊಂದೇ. ಆಮೇಲೆ ಮೊದಲ ಗುಟುಕು. ನಾಲಿಗೆ ಮೊದಲು ಮುನಿಸಿಕೊಳ್ಳುತ್ತದೆ, ಎಳೆ ಹುಲ್ಲು ಜಗಿದ ಹಾಗೆ. ಗುಟುಕು ಗಂಟಲಿಗಿಳಿದ ಮೇಲೆ ಎಲ್ಲಿಂದಲೋ ಒಂದು ಸಿಹಿ ಬರುತ್ತದೆ, ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುತ್ತದಲ್ಲ, ಹಾಗೆ. ಆ ಸಿಹಿಗೆ ಇಷ್ಟು ವರ್ಷವಾದರೂ ಅವಳು ಒಗ್ಗಿಕೊಂಡಿಲ್ಲ. ಪ್ರತಿ ಸಲ ಹೊಸದಾಗಿಯೇ ಬರುತ್ತದೆ.

ಅವಳು ಆ ಸಿಹಿಯನ್ನು ಮೊದಲು ಕಂಡದ್ದು ಮಾತ್ರ ಒಂದು ಜಗಳದ ಕೊನೆಯಲ್ಲಿ.

ಅವಳ ಅಪ್ಪ ರಂಗಯ್ಯನದು ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಟೀ ಅಂಗಡಿ. ಇಪ್ಪತ್ತು ವರ್ಷದ ಅಂಗಡಿ. ಗಟ್ಟಿ ಹಾಲು, ಕಡುಕಪ್ಪು ಡಿಕಾಕ್ಷನ್ನು, ಬೆರಳಿಗೆ ಅಂಟುವಷ್ಟು ಸಕ್ಕರೆ. ಹಾಸನದ ಕಡೆ ಹೋಗುವ ಡ್ರೈವರುಗಳು ಸಹ ಇಲ್ಲಿ ಬಸ್ಸು ನಿಲ್ಲಿಸಿ “ರಂಗಣ್ಣ, ಒಂದ್ ಸ್ಟ್ರಾಂಗು” ಎಂದು ಕೂಗುತ್ತಿದ್ದರು. ಆ ಹಬೆಯಲ್ಲೇ ಬೆಳೆದ ಸ್ವರ್ಣಲತಾ ಟೀ ಕುಡಿಯುತ್ತಿರಲಿಲ್ಲ. ಮಿಠಾಯಿ ಅಂಗಡಿಯವರ ಮಕ್ಕಳು ಮಿಠಾಯಿ ಮುಟ್ಟುವುದಿಲ್ಲವಂತೆ, ಇದೂ ಹಾಗೆಯೇ.

ಆ ವರ್ಷ ಅವಳು ತುಮಕೂರಿನ ಒಂದು ಡಿಟಿಪಿ ಸೆಂಟರಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುವ ಕೆಲಸಕ್ಕೆ ಸೇರಿದ್ದಳು. ದಿನಾ ಬಸ್ಸು. ಶನಿವಾರ ಮಾತ್ರ ಬೇಗ ಬಂದು ಅಂಗಡಿಯಲ್ಲಿ ಕೂರುತ್ತಿದ್ದಳು. ಮಾರ್ಚ್ ತಿಂಗಳ ಅಂಥದೊಂದು ಶನಿವಾರ ಸಂಜೆ, ನೀಲಿ ಯೂನಿಫಾರಂ ಶರ್ಟಿನ ಹುಡುಗನೊಬ್ಬ ಅಂಗಡಿ ಮುಂದೆ ಬಂದು ನಿಂತ. ಹೆಗಲಲ್ಲಿ ಬ್ಯಾಗು, ಕೈಗೆ ಗ್ರೀಸಿನ ವಾಸನೆ.

“ಒಂದು ಗ್ಲಾಸು ಬಿಸಿನೀರು ಕೊಡ್ತೀರಾ?”

“ಬರೀ ಬಿಸಿನೀರಾ?”

“ಹ್ಞೂಂ. ತೀರಾ ಕುದಿಯೋದು ಬೇಡ. ಒಂಚೂರು ಆರಿದ್ರೆ ಒಳ್ಳೇದು.”

ಹೊಟ್ಟೆ ಸರಿಯಿಲ್ಲವೇನೋ, ಪಾಪ, ಎಂದುಕೊಂಡು ಕೊಟ್ಟಳು. ಅವನು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು, ಹಸಿರು ಪುಡಿಯನ್ನು ನೀರಿಗೆ ಹಾಕಿ, ಕದಡಿ, ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ. ದೇವರಿಗೆ ಕೈ ಮುಗಿಯುವವನ ಹಾಗೆ.

ಒಲೆಯ ಮುಂದಿದ್ದ ರಂಗಯ್ಯ ನೋಡಿದ.

“ಏನ್ಲಾ ಅದು? ನನ್ ಅಂಗ್ಡೀಲಿ ನಿಂತ್ಕಂಡು ಭಂಗಿ ಕುಡೀತೀಯಾ?”

“ಭಂಗಿ ಅಲ್ಲ ಸಾರ್. ಟೀ.”

“ಟೀನಾ?” ರಂಗಯ್ಯ ಹತ್ತಿರ ಬಂದು ಗ್ಲಾಸಿಗೆ ಮೂಗು ಹಿಡಿದ. “ಇದು ಟೀನಾ? ನನ್ ಅಂಗ್ಡಿಗೆ ಬಂದು ನನ್ ನೀರು ಇಸ್ಕಂಡು ನಿನ್ ಟೀ ಕುಡೀತೀಯಾ?”

ಭಂಗಿಯಾಗಿದ್ದರೆ ಅವನು ಕ್ಷಮಿಸುತ್ತಿದ್ದನೋ ಏನೋ. ಟೀ ಎಂದಿದ್ದೇ ತಪ್ಪಾಯಿತು. ಇಡೀ ಬಸ್ ಸ್ಟ್ಯಾಂಡು ತಿರುಗಿ ನೋಡುವ ಹಾಗೆ ಬೈದ. “ಇನ್ನೊಂದ್ ಸಲ ಈ ಕಡೆ ತಲೆ ಹಾಕುದ್ರೆ ಇದೇ ಬಿಸಿನೀರ ತಲೆ ಮ್ಯಾಲೆ ಹುಯ್ತೀನಿ!” ಹುಡುಗ ಕುಡಿಯದೆಯೇ ಗ್ಲಾಸನ್ನು ಬೆಂಚಿನ ಮೇಲಿಟ್ಟು, ಹುಲಿಯೂರುದುರ್ಗದ ಬಸ್ಸಿನ ಕಡೆ ಓಡಿದ.

ಗ್ಲಾಸು ತೊಳೆಯಲು ಎತ್ತಿಕೊಂಡ ಸ್ವರ್ಣಲತಾ ಹಿಂದೆ ಮುಂದೆ ನೋಡಿ ಒಂದು ಗುಟುಕು ಕುಡಿದಳು. ಥೂ ಎಂದುಕೊಂಡಳು. ನಲ್ಲಿಯ ಹತ್ತಿರ ಹೋಗುವಷ್ಟರಲ್ಲಿ ಆ ಸಿಹಿ ಬಂತು. ನಲ್ಲಿ ತಿರುಗಿಸಲಿಲ್ಲ. ಗ್ಲಾಸು ಖಾಲಿಯಾಗುವ ತನಕ ಅಲ್ಲೇ ನಿಂತಿದ್ದಳು.

ಸೋಮವಾರ ಬೆಳಿಗ್ಗೆ ತುಮಕೂರಿನ ಬಸ್ಸಿನಲ್ಲಿ ಅವನೇ ಇದ್ದ. ಅವಳನ್ನು ಕಂಡ ಕೂಡಲೇ ಕಿಟಕಿಯ ಕಡೆ ಮುಖ ತಿರುಗಿಸಿದ. ಕಿವಿ ಕೆಂಪಾದದ್ದು ಹಿಂದಿನಿಂದಲೇ ಕಾಣುತ್ತಿತ್ತು.

“ಏನ್ರೀ, ನಿಮ್ ಟೀ ನಾನು ಕುಡಿದೆ,” ಎಂದಳು, ಪಕ್ಕದ ಸೀಟಿನಲ್ಲಿ ಕೂತು.

ಅವನು ಗಾಬರಿಯಿಂದ ತಿರುಗಿದ. “ಏನಾದ್ರೂ ಆಯ್ತಾ?”

“ಆಗೋಕೆ ಅದೇನು ಇಲಿ ಪಾಷಾಣನಾ?”

“ಅಲ್ಲ, ಎಲ್ರೂ ಉಗೀತಾರೆ. ಅದಕ್ಕೆ ಕೇಳ್ದೆ.”

“ನಾನೂ ಉಗೀಬೇಕು ಅಂತಿದ್ದೆ. ಅಷ್ಟರಲ್ಲಿ ಸಿಹಿ ಆಯ್ತು.”

ಆಗ ಅವನು ಅವಳನ್ನು ನೋಡಿದ. ಆ ನೋಟ ಅವಳಿಗೆ ಇವತ್ತಿಗೂ ನೆನಪಿದೆ. ಹೆಣ್ಣನ್ನು ನೋಡುವ ನೋಟವಲ್ಲ ಅದು. ಪರದೇಶದಲ್ಲಿ ತನ್ನ ಊರಿನ ಮಾತಾಡುವವರು ಅಚಾನಕ್ಕಾಗಿ ಸಿಕ್ಕಾಗ ನೋಡುತ್ತೇವಲ್ಲ, ಹಾಗೆ. “ಸಿಹಿ ಗೊತ್ತಾಯ್ತಾ ನಿಮ್ಗೆ?” ಎಂದು ಎರಡು ಸಲ ಕೇಳಿದ.

ಹೆಸರು ಕನಕರಾಜು. ಊರು ಹುಲಿಯೂರುದುರ್ಗ. ಐಟಿಐ ಮುಗಿಸಿ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ತುಮಕೂರಿನಲ್ಲಿ ನಾಲ್ವರ ಜೊತೆ ರೂಮು. ಶನಿವಾರ ಊರಿಗೆ, ಸೋಮವಾರ ವಾಪಸ್ಸು, ಎರಡು ಸಲವೂ ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಬೇಕು. ಹಿಂದಿನ ವರ್ಷ ಅವರ ಫ್ಯಾಕ್ಟರಿಗೆ ಹೊಸ ಮಿಷನ್ನು ಕೂರಿಸಲು ಜಪಾನಿನಿಂದ ತನಾಕ ಎಂಬೊಬ್ಬ ಟ್ರೈನರ್ ಬಂದಿದ್ದರಂತೆ. ಮೂರು ತಿಂಗಳು ಕನಕರಾಜು ಅವರ ಕೈಕೆಳಗೆ ಕೆಲಸ ಮಾಡಿದ್ದ.

“ದಿನಾ ಹತ್ತು ಗಂಟೆಗೆ ಮಿಷನ್ ಆಫ್ ಮಾಡಿಸಿ ಟೀ ಕುಡಿಯೋರು ಕಣ್ರೀ. ನನ್ಗೂ ಒಂದ್ ಲೋಟ. ಮಾತಿಲ್ಲ ಕತೆಯಿಲ್ಲ. ಅವ್ರಿಗೆ ಕನ್ನಡ ಬರಲ್ಲ, ನನ್ಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಸುಮ್ನೆ ಕೂತಿರ್ತಿದ್ವಿ. ಮೊದ್ಲು ನಾನು ಹಿಂದುಗಡೆ ಗಿಡಕ್ಕೆ ಚೆಲ್ತಿದ್ದೆ.”

“ಗಿಡ ಬದುಕ್ತಾ?”

“ಚೆನ್ನಾಗೇ ಬಂತು. ಅದನ್ನ ನೋಡಿ ನಾನೂ ಕುಡಿಯೋಕೆ ಶುರು ಮಾಡ್ದೆ.”

ಹೋಗುವಾಗ ಆ ಮನುಷ್ಯ ಎರಡು ಡಬ್ಬಿ ಪುಡಿ ಕೊಟ್ಟು ಹೋದರಂತೆ. ಮೊದಲನೆಯದನ್ನು ರೂಮಿನ ಗೆಳೆಯರು ಹಾಲು ಶುಂಠಿ ಹಾಕಿ ಒಂದೇ ಸಲಕ್ಕೆ ಕುದಿಸಿ, ಬಾಯಿಗಿಡಲಾಗದೆ ಬಚ್ಚಲಿಗೆ ಸುರಿದಿದ್ದರು. ಉಳಿದದ್ದು ಈ ಒಂದು.

ಮುಂದಿನ ಸೋಮವಾರದಿಂದ ಸ್ವರ್ಣಲತಾ ಒಂದು ಫ್ಲಾಸ್ಕು ತರತೊಡಗಿದಳು. ನೀರು ಅಪ್ಪನ ಬಾಯ್ಲರಿನದೇ. “ಗಂಟಲು ಕಟ್ಟಿದೆ” ಎಂದರೆ ರಂಗಯ್ಯ ತಾನೇ ತುಂಬಿಸಿ ಕೊಡುತ್ತಿದ್ದ. ಆ ಹಳೆಯ ಫ್ಲಾಸ್ಕಿನ ಮುಚ್ಚಳ ಸಡಿಲವಾಗಿತ್ತು, ಬಿಸಿ ನಿಲ್ಲುತ್ತಿರಲಿಲ್ಲ. ಆದರೆ ಅದೇ ಒಳ್ಳೆಯದಾಯಿತು. ಕುಣಿಗಲ್ಲಿನಲ್ಲಿ ಕುದಿಯುತ್ತಿದ್ದ ನೀರು ಹೆಬ್ಬೂರಿಗೆ ಬರುವಷ್ಟರಲ್ಲಿ ಸರಿಯಾಗಿ ಹದಕ್ಕೆ ಬಂದಿರುತ್ತಿತ್ತು. ಎರಡು ಸ್ಟೀಲ್ ಲೋಟ, ಐಸ್‌ಕ್ರೀಮಿನ ಮರದ ಚಮಚ. ಬಸ್ಸು ಹಳ್ಳದಲ್ಲಿ ಎಗರಿದಾಗ ಅವನು ಎರಡೂ ಲೋಟಗಳನ್ನು ಎತ್ತಿ ಹಿಡಿದುಕೊಳ್ಳುತ್ತಿದ್ದ. ಅವಳು ಅವನ ಮೊಣಕೈ ಹಿಡಿದುಕೊಳ್ಳುತ್ತಿದ್ದಳು. ರಸ್ತೆ ಸರಿಯಾದ ಮೇಲೂ ಕೆಲವು ಸಲ ಬಿಡುವುದು ಮರೆತುಹೋಗುತ್ತಿತ್ತು.

“ನೆಂಟ್ರಾ?” ಎಂದು ಕಂಡಕ್ಟರ್ ಒಮ್ಮೆ ಕೇಳಿದ.

“ಅಲ್ಲ,” ಎಂದಳು ಅವಳು.

“ಇನ್ನೂ ಇಲ್ಲ,” ಎಂದ ಅವನು, ಲೋಟದೊಳಗೆ ನೋಡುತ್ತಾ.

ಹೆಬ್ಬೂರಿನಿಂದ ಗೂಳೂರಿನ ತನಕ ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ನಗು ಬಂದರೆ ಅವನಿಗೆ ಕಾಣಬಾರದೆಂದು.

ಹೀಗೇ ನಡೆದು ಬಂತು, ಆ ಪಂಕ್ಚರಾದ ಬಸ್ಸಿನ ಬೆಳಿಗ್ಗೆಯ ತನಕ. ಅವತ್ತು ಅವಳೇ ಕೇಳಿದಳು. “ಹಿಂಗೇ ಎಷ್ಟು ದಿನ ಕನಕರಾಜು? ಮನೇಲಿ ನನ್ಗೆ ಗಂಡು ನೋಡ್ತಾವ್ರೆ.” ಜಾತಿಯ ತೊಡಕೇನೂ ಇರಲಿಲ್ಲ, ಹುಡುಕಿದರೆ ದೂರದ ನೆಂಟಸ್ತಿಕೆಯೂ ಸಿಕ್ಕೀತು. ತೊಡಕು ಇದ್ದದ್ದು ರಂಗಯ್ಯ. ಮೊದಲ ದಿನದ ಆ ಬೈಗುಳದ ಭಯ ಕನಕರಾಜುವಿನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಬಹಳ ಹೊತ್ತು ಟೈರು ಬದಲಿಸುವುದನ್ನೇ ನೋಡಿ, ಕೊನೆಗೆ ಬ್ಯಾಗಿನಿಂದ ಡಬ್ಬಿ ತೆಗೆದು ಅವಳ ಕೈಗಿಟ್ಟು ಆ ಮಾತು ಹೇಳಿದ. ಡಬ್ಬಿಯಲ್ಲಿ ಮುಕ್ಕಾಲು ಭಾಗ ಪುಡಿಯಿತ್ತು.

ಮಾತು ಕೊಟ್ಟ ಮೇಲೆ ಇಬ್ಬರ ಚಮಚವೂ ಬದಲಾಯಿತು. ಸ್ವರ್ಣಲತಾ ಚಮಚ ತುಂಬ, ಗೋಪುರದ ಹಾಗೆ ಪುಡಿ ತುಂಬಿಸುತ್ತಿದ್ದಳು. ಕನಕರಾಜು ಬೆರಳಿನಿಂದ ಗೋಪುರದ ತಲೆ ತಟ್ಟಿ ಅರ್ಧ ಪುಡಿಯನ್ನು ಮತ್ತೆ ಡಬ್ಬಿಗೇ ಕೆಡವುತ್ತಿದ್ದ.

“ತೆಳ್ಳಗಿದ್ರೇನೇ ರುಚಿ ಕಣ್ರೀ.”

“ಹೌದಾ? ಹೋದ್ ತಿಂಗ್ಳು ಗಟ್ಟಿ ಇದ್ರೇನೇ ರುಚಿ ಅಂದಿದ್ರಿ.”

“ನಾಲಿಗೆ ಬದ್ಲಾಗುತ್ತೆ.”

“ಮಾತು ಬದ್ಲಾಗ್ದೇ ಇದ್ರೆ ಸಾಕು.”

ಪ್ರತಿ ಶನಿವಾರ ಅವಳು ಅಂಗಡಿಯಲ್ಲಿ ಕೂತು ತುಮಕೂರಿನ ಬಸ್ಸು ಕಾಯುತ್ತಿದ್ದಳು. ಅವನು ಬಸ್ಸಿನ ಆ ಕಡೆಯಿಂದ ಇಳಿದು, ಬೇರೆ ಬಸ್ಸುಗಳ ಮರೆಯಲ್ಲಿ ನಡೆದು ಹುಲಿಯೂರುದುರ್ಗದ ಬಸ್ಸು ಹತ್ತುತ್ತಿದ್ದ. ಸೋಮವಾರ ಒಂದೊಂದು ನೆಪ.

“ನಿಮ್ಮಪ್ಪ ಮೊನ್ನೆ ಸಿಟ್ಟಲ್ಲಿದ್ದಂಗೆ ಕಾಣ್ತು.”

“ಅವ್ರ ಮುಖಾನೇ ಹಂಗೆ.”

“ಪರ್ಮನೆಂಟ್ ಆರ್ಡರ್ ಕೈಗೆ ಬರ್ಲಿ. ದೀಪಾವಳಿಗೆ ಬರುತ್ತೆ ಅಂತಾವ್ರೆ.”

ದೀಪಾವಳಿಗೆ ಆರ್ಡರ್ ಬಂತು. ಅವನು ಬರಲಿಲ್ಲ. ಡಬ್ಬಿ ಅರ್ಧಕ್ಕೆ ಇಳಿದಿತ್ತು. ಇನ್ನೂ ಅರ್ಧ ಇದೆಯಲ್ಲ ಎಂದು ಅವನು ಅಂದುಕೊಂಡರೆ, ಅರ್ಧ ಮುಗಿದೇ ಹೋಯಿತಲ್ಲ ಎಂದು ಇವಳು.

ಡಿಸೆಂಬರಿನಲ್ಲಿ ಗುಬ್ಬಿಯಿಂದ ಸಂಬಂಧ ಬಂತು. ಹುಡುಗ ರವಿಕಿರಣ್, ಹೈಸ್ಕೂಲು ಮೇಷ್ಟ್ರು. ಭಾನುವಾರ ಹೆಣ್ಣು ನೋಡಲು ಬರುತ್ತಾರೆಂದು ಅಮ್ಮ ಹನುಮಂತಮ್ಮ ಶುಕ್ರವಾರದಿಂದಲೇ ಮನೆ ಸಾರಿಸತೊಡಗಿದಳು. ಸೋಮವಾರ ಕನಕರಾಜುಗೆ ಹೇಳಬೇಕು ಎಂದುಕೊಂಡರೆ ಸೋಮವಾರ ಬರುವುದು ಭಾನುವಾರದ ಮೇಲೆ.

ಶನಿವಾರ ಮಧ್ಯಾಹ್ನ ಸ್ವರ್ಣಲತಾ ಮನೆಗೆ ಬಂದಾಗ ಅಂಗಳದ ಕಟ್ಟೆಯ ಮೇಲೆ ಕೊಕ್ಕರೆ ಡಬ್ಬಿ ಬೋರಲಾಗಿ ಬಿದ್ದಿತ್ತು. ತೊಳೆದು ಬಿಸಿಲಿಗೆ ಹಾಕಿದ್ದರು.

ಒಳಗೆ ಓಡಿದಳು. ಪಡಸಾಲೆಯಲ್ಲಿ ಅಜ್ಜಿ ಪುಟ್ಟಗಂಗಮ್ಮ ಕಾಲು ಚಾಚಿ ಕೂತು ಬಟ್ಟಲಿನಲ್ಲಿ ಹಸಿರು ಮುದ್ದೆ ಕಲಸುತ್ತಿದ್ದಳು.

“ಬಾ ಮಗ, ಕೈ ತೊಳ್ಕಂಡು ಬಾ. ನಿನ್ ಟ್ರಂಕಲ್ಲಿ ಗೋರಂಟಿ ಪುಡಿ ಮಡಗಿದ್ಯಲ್ಲ, ಹೇಳ್ಬಾರ್ದೇನೇ? ನಾನು ಪ್ಯಾಟೆಗೆ ಹೋಗಿ ತತ್ತೀನಿ ಅಂತಿದ್ದೆ.”

“ಅಜ್ಜೀ... ಎಲ್ಲಾ ಹಾಕ್ಬುಟ್ಯಾ?”

“ಇನ್ನೇನು, ಉಳಿಸಿ ಸಂಕ್ರಾಂತಿಗೆ ಮಡಗಲಾ? ಎಲ್ಡು ಕೈಗೂ ಕಾಲಿಗೂ ಆಗಬ್ಯಾಡ್ವಾ? ನಿಮ್ಮಪ್ಪನ ಡಿಕಾಕ್ಸನ್ ಹಾಕಿ, ನಿಂಬೆಹಣ್ಣು ಹಿಂಡಿವ್ನಿ. ಕೆಂಪು ಹೆಂಗೆ ಹತ್ತತದೆ ನೋಡೀವಂತೆ. ಎಷ್ಟು ಕೆಂಪಾದ್ರೆ ಗಂಡ ಅಷ್ಟು ಇಷ್ಟಪಡ್ತಾನೆ.”

ಇದು ಗೋರಂಟಿಯಲ್ಲ ಎನ್ನಬೇಕು. ಏನು ಎಂದರೆ ಟೀ ಎನ್ನಬೇಕು. ಯಾರು ಕೊಟ್ಟರು ಎಂದರೆ? ಸ್ವರ್ಣಲತಾ ಕೈ ತೊಳೆದುಕೊಂಡು ಬಂದು ಸುಮ್ಮನೆ ಅಂಗೈ ಚಾಚಿದಳು. ಅಜ್ಜಿ ಬೆರಳ ತುದಿಗೆ ಟೋಪಿ ಇಟ್ಟಳು, ಅಂಗೈ ನಡುವೆ ಚಂದ್ರ ಇಟ್ಟಳು. ತಣ್ಣಗಿನ ಮುದ್ದೆಯಿಂದ ಹೆಬ್ಬೂರಿನ ಸೋಮವಾರಗಳೆಲ್ಲ ಒಟ್ಟಿಗೆ ಎದ್ದು ಬಂದ ಹಾಗೆ ವಾಸನೆ ಬಂತು. ಐದು ತಿಂಗಳು ಚಮಚ ಚಮಚವಾಗಿ ಎಳೆದಾಡಿದ್ದು ಒಂದು ಬಟ್ಟಲಲ್ಲಿ ಮುಗಿದುಹೋಗಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತು.

“ಅಳಬ್ಯಾಡ ಕಣವ್ವ,” ಎಂದಳು ಅಜ್ಜಿ. “ಗುಬ್ಬಿ ಏನು ದೂರನಾ? ಬೆಳಿಗ್ಗೆ ಹತ್ತುದ್ರೆ ಮಧ್ಯಾನಕ್ಕೆ ಬರ್ಬೋದು.”

ಕೆಂಪು ಹತ್ತಲಿಲ್ಲ. ತೊಳೆದಾಗ ಅಂಗೈ ಒಂಥರಾ ಹಳದಿ ಮಿಶ್ರಿತ ಹಸಿರು. ಅಜ್ಜಿ ಕೊಬ್ಬರಿ ಎಣ್ಣೆ ತಿಕ್ಕಿದಳು, ಲವಂಗದ ಹೊಗೆ ಹಿಡಿಸಿದಳು. ಏನೂ ಆಗಲಿಲ್ಲ.

ಭಾನುವಾರ ಗುಬ್ಬಿಯವರು ಬಂದರು. ಹುಡುಗ ಒಳ್ಳೆಯವನೇ, ತಲೆ ತಗ್ಗಿಸಿ ಉಪ್ಪಿಟ್ಟು ತಿಂದ. ಅವನ ತಾಯಿ ಸರ್ವಮಂಗಳಮ್ಮ ಮಾತ್ರ ಕಾಫಿ ಲೋಟ ತೆಗೆದುಕೊಳ್ಳುವಾಗ ಹುಡುಗಿಯ ಕೈಯನ್ನು ಹಾಗೇ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು.

“ಹುಡುಗೀಗೆ ಕಾಮಾಲೆ ಏನಾದ್ರೂ ಆಗಿತ್ತಾ?”

“ಅಯ್ಯೋ, ಇಲ್ಲ ಕಣ್ರವ್ವ! ಅದು ಗೋರಂಟಿ,” ಎಂದಳು ಅಜ್ಜಿ.

“ಯಾವ ಗೋರಂಟಿ ಹಳದಿ ಹತ್ತುತ್ತೆ?” ಎಂದರು ಸರ್ವಮಂಗಳಮ್ಮ. ಕಾಫಿ ಕುಡಿಯದೆ ಕೆಳಗಿಟ್ಟರು. ಹೊರಡುವಾಗ ನಾಲ್ಕೈದು ದಿನದಲ್ಲಿ ತಿಳಿಸುತ್ತೇವೆ ಎಂದರು.

ಸೋಮವಾರ ಫ್ಲಾಸ್ಕು ಇರಲಿಲ್ಲ. ಕನಕರಾಜು ಲೋಟಗಳನ್ನು ತೆಗೆದು ಕಾಯುತ್ತಿದ್ದ. ಅವಳು ಅಂಗೈ ಬಿಡಿಸಿ ತೋರಿಸಿದಳು.

“ಡಬ್ಬಿ ಖಾಲಿ ಆಯ್ತು.”

ಅವಳು ಎಲ್ಲ ಹೇಳಿದಳು. ಕಾಮಾಲೆಯ ಮಾತಿಗೆ ಅವನಿಗೆ ನಗು ಬಂದುಬಿಟ್ಟಿತು, ಆಮೇಲೆ ಅವಳ ಮುಖ ನೋಡಿ ನಿಂತಿತು. “ಒಂದ್ ಸಲ ಕೈ ಕೊಡಿ,” ಎಂದ. ಇಷ್ಟು ದಿನದಲ್ಲಿ ಅವನು ಕೈ ಕೇಳಿದ್ದು ಅದೇ ಮೊದಲು. ಮೂಗಿನ ಹತ್ತಿರ ಹಿಡಿದು ಮೆಲ್ಲಗೆ ಉಸಿರೆಳೆದುಕೊಂಡ. ಕೊಬ್ಬರಿ ಎಣ್ಣೆ, ಲವಂಗ, ಅವುಗಳ ಕೆಳಗೆ ಎಲ್ಲೋ ಹಸಿರು.

“ಇನ್ನೂ ಇದೆ,” ಎಂದ.

“ವಾಸ್ನೆ ಇದೆ. ಪುಡಿ ಇಲ್ಲ.” ಅವಳು ಕೈ ಬಿಡಿಸಿಕೊಂಡಳು. “ಖಾಲಿ ಆಗೋದ್ರೊಳಗೆ ಬರ್ತೀನಿ ಅಂದಿದ್ರಿ. ಐದು ತಿಂಗ್ಳು ಬಸ್ಸಿನ ಆ ಕಡೆಯಿಂದ್ಲೇ ಇಳಿದ್ರಿ.”

ಅವನು ಖಾಲಿ ಲೋಟಗಳನ್ನು ಬ್ಯಾಗಿಗೆ ಹಾಕಿಕೊಂಡ. ತುಮಕೂರಿನಲ್ಲಿ ಅವಳು ಇಳಿದು, ತಿರುಗಿ ನೋಡದೆ ಹೋದಳು. ಅವತ್ತು ಟೈಪು ಮಾಡಿದ ಮೂರು ಲಗ್ನಪತ್ರಿಕೆಗಳಲ್ಲೂ ತಪ್ಪು.

ಶುಕ್ರವಾರ ಗುಬ್ಬಿಯಿಂದ ಹೇಳಿಕಳಿಸಿದರು. ಇದೇ ಹುಡುಗಿ ಆಗಬೇಕೆಂದು ಹುಡುಗ ಹಟ ಹಿಡಿದಿದ್ದಾನಂತೆ. ರಕ್ತಪರೀಕ್ಷೆ ಮಾಡಿಸಿ ಚೀಟಿ ತೋರಿಸಿದರೆ ತಮ್ಮ ಒಪ್ಪಿಗೆಯಿದೆ, ಭಾನುವಾರ ಬಂದರೆ ಮಾತು ಮುಗಿಸೋಣ. ರಂಗಯ್ಯ ಖುಷಿಯಾಗಿ “ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಾ ಮಗ” ಎಂದ.

ಸ್ವರ್ಣಲತಾ ನಿಂತಲ್ಲೇ ನಿಂತಿದ್ದಳು. ಕೊಟ್ಟ ಮಾತು ಅವನದು. ಅವನು ಬರಲಿಲ್ಲವೆಂದು ತಾನೂ ಬಾಯಿ ಮುಚ್ಚಿಕೊಂಡಿದ್ದರೆ ಭಾನುವಾರ ಎಲ್ಲ ಮುಗಿಯುತ್ತದೆ.

“ನನ್ಗೆ ಕಾಮಾಲೆ ಇಲ್ಲಪ್ಪ. ಕೈಗೆ ಹತ್ತಿದ್ದು ಟೀ.”

“ಟೀನಾ?”

“ಹಸಿರು ಟೀ. ಅಜ್ಜಿ ಗೋರಂಟಿ ಅನ್ಕೊಂಡ್ರು. ಅದನ್ನ ಕೊಟ್ಟೋರನ್ನೇ ನಾನು ಮದ್ವೆ ಆಗೋದು.”

ಹನುಮಂತಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ರಂಗಯ್ಯ ಒಂದು ನಿಮಿಷ ಲೆಕ್ಕ ಹಾಕಿದವನ ಹಾಗೆ ನಿಂತು, ಆಮೇಲೆ ಕೂಗಿದ. “ಯಾವನೇ? ಆ ಬಿಸಿನೀರ್ನವ್ನಾ?”

“ಹ್ಞೂಂ.”

“ಬೈಸ್ಕಂಡು ಓಡೋದ್ನಲ್ಲ, ಅವ್ನಾ?”

“ಅವ್ರೇ.”

ಹನುಮಂತಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಕೊನೆಗೆ ರಂಗಯ್ಯನೇ ಹೇಳಿದ. “ನಾಳೆ ಬಸ್ಸಿಗೆ ಬತ್ತಾನಲ್ಲ. ಅವ್ನಾಗಿ ಬಂದು ನನ್ ಮುಂದೆ ನಿಂತ್ರೆ ಮಾತಾಡ್ತೀನಿ. ನೀನು ಕರೆಯಂಗಿಲ್ಲ, ಕಣ್ಸನ್ನೆ ಮಾಡಂಗಿಲ್ಲ. ಬರ್ನಿಲ್ಲ ಅಂದ್ರೆ ಭಾನ್ವಾರ ನಾನು ಗುಬ್ಬಿಗೆ ಹೊಂಟೆ. ಆಮೇಲೆ ನೀನು ತುಟಿ ಬಿಚ್ಬಾರ್ದು.”

“ಆಯ್ತಪ್ಪ,” ಎಂದಳು. ಐದು ತಿಂಗಳ ಶನಿವಾರಗಳೆಲ್ಲ ಅವಳ ಕಣ್ಣ ಮುಂದೆ ಬಂದವು.

ಶನಿವಾರ ಸಂಜೆ ನಾಲ್ಕಕ್ಕೇ ಅಪ್ಪ ಮಗಳು ಅಂಗಡಿಯಲ್ಲಿದ್ದರು. ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಹುಲಿಯೂರುದುರ್ಗದ ಬಸ್ಸು ಬಂದು ನಿಂತಿತ್ತು. ಅದರ ಡ್ರೈವರ್ ದ್ಯಾವಪ್ಪ ಬೆಂಚಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಆರೂಕಾಲಿಗೆ ತುಮಕೂರಿನ ಬಸ್ಸು ಬಂತು.

ಕನಕರಾಜು ಇಳಿದ. ಆ ಕಡೆಯಿಂದಲೇ. ಅಂಗಡಿಯ ಕಡೆ ನೋಡದೆ, ತಲೆ ತಗ್ಗಿಸಿಕೊಂಡು, ಹುಲಿಯೂರುದುರ್ಗದ ಬಸ್ಸು ಹತ್ತಿದ.

“ನೋಡ್ದಾ?” ಎಂದ ರಂಗಯ್ಯ, ತಣ್ಣಗೆ. “ಹೋದ.”

ಅವಳು ಕರೆಯುವಂತಿಲ್ಲ. ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಬೆಂಚನ್ನೇ ಮತ್ತೆ ಒರೆಸಿದಳು. ಅದೇ ಬೆಂಚು. ಇನ್ನೊಮ್ಮೆ ಒರೆಸುವಷ್ಟರಲ್ಲಿ ಬೆಂಚಿನ ಮೇಲೆ ನೆರಳು ಬಿತ್ತು.

ಕನಕರಾಜು. ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿದು ಬಂದಿದ್ದ. ಅಂಥ ಹೊತ್ತಿನಲ್ಲೂ ಸೀಟು ಹಿಡಿಯುವುದು ಬಿಟ್ಟಿರಲಿಲ್ಲ.

“ಒಂದು ಟೀ ಕೊಡಿ ಸಾರ್.”

“ಬಿಸಿನೀರು ಬ್ಯಾಡ್ವಾ ಇವತ್ತು?”

“ಬೇಡ ಸಾರ್. ನಿಮ್ ಟೀನೇ ಕೊಡಿ.”

ರಂಗಯ್ಯ ಗ್ಲಾಸು ತುಂಬಿಸಿ ಮುಂದಿಟ್ಟ. ಕನಕರಾಜು ನಿಂತೇ ಕುಡಿದ. ಅರ್ಧ ಗ್ಲಾಸಾದ ಮೇಲೆ ರಂಗಯ್ಯ ಸೊಂಟಕ್ಕೆ ಕೈಯಿಟ್ಟುಕೊಂಡು ಕೇಳಿದ. “ಹೆಂಗೈತೆ?”

“ನಿಜ ಹೇಳ್ಲಾ ಸಾರ್?”

“ಸುಳ್ ಹೇಳಕ್ಕೆ ಬಂದ್ಯಾ?”

“ಕುದಿ ಜಾಸ್ತಿ ಆಗಿದೆ. ಕಹಿ ಬಿಟ್ಕೊಂಡಿದೆ.”

ದ್ಯಾವಪ್ಪನ ಬೀಡಿ ಬಾಯಿಯಲ್ಲೇ ನಿಂತಿತು. ಇಪ್ಪತ್ತು ವರ್ಷದಲ್ಲಿ ಆ ಅಂಗಡಿಯಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ಸ್ವರ್ಣಲತಾ ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಎಂದುಕೊಂಡಳು. ರಂಗಯ್ಯ ಪಾತ್ರೆಯಿಂದ ಒಂದಿಷ್ಟು ಸೌಟಿನಲ್ಲಿ ಎತ್ತಿ, ಊದಿ, ಬಾಯಿಗೆ ಬಿಟ್ಟುಕೊಂಡ. ಹೊತ್ತು ತೆಗೆದುಕೊಂಡ.

“ಹೂಂ ಕಣ್ಲಾ,” ಎಂದ. “ನಾಕ್ ಗಂಟೆಗೆ ಇಟ್ಟಿದ್ದು. ನೀನು ಬತ್ತೀಯೋ ಇಲ್ವೋ ಅಂತ ರಸ್ತೆ ನೋಡ್ತಾ ನಿಂತ್ಕಂಡು, ಉರಿ ತಗ್ಸದು ಮರ್ತೋಯ್ತು.”

ಅಪ್ಪನೂ ಕಾಯುತ್ತಿದ್ದ ಎಂಬುದು ಸ್ವರ್ಣಲತಾಗೆ ಗೊತ್ತಾದದ್ದು ಆಗ.

“ನಿಮ್ ಮಗಳನ್ನ ನನ್ಗೆ ಕೊಡಿ ಸಾರ್,” ಎಂದ ಕನಕರಾಜು. ಒಂದೇ ಉಸಿರಿಗೆ. “ಆರ್ಡರ್ ಆಗಿದೆ. ಊರಲ್ಲಿ ಒಂದೆಕ್ರೆ ಇದೆ. ನಿಮ್ಗೆ ಹೆದ್ರಿಕೊಂಡು ಇಷ್ಟು ದಿನ ಬರ್ಲಿಲ್ಲ. ಈಗ್ಲೂ ಹೆದ್ರಿಕೆ ಇದೆ.”

ಆ ಕಡೆ ಬಸ್ಸಿನ ಕಂಡಕ್ಟರ್ ವಿಜಿಲ್ ಊದುತ್ತಿದ್ದ. ಒಳಗಿದ್ದವರು “ಡ್ರೈವರೇ, ಹೊತ್ತಾಯ್ತು!” ಎಂದು ಬಡಿಯುತ್ತಿದ್ದರು. ದ್ಯಾವಪ್ಪ ಕೂತಲ್ಲಿಂದಲೇ ಕೂಗಿದ. “ಏ, ಇರ್ರೋ! ಇಲ್ಲಿ ಹೆಣ್ ಕೇಳ್ತಾವ್ನೆ!”

ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಸ್ವರ್ಣಲತಾ ಬೆಂಚು ಒರೆಸುವ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡಳು.

ರಂಗಯ್ಯ ಕುದ್ದ ಟೀಯನ್ನೆಲ್ಲ ಚರಂಡಿಗೆ ಚೆಲ್ಲಿ, ಪಾತ್ರೆ ತೊಳೆದು, ಹೊಸ ನೀರಿಟ್ಟ. ತಿರುಗಿ ನೋಡದೆಯೇ ಹೇಳಿದ. “ನಿಮ್ಮಪ್ಪನ್ನ ಕರ್ಕಂಡು ಬಾ.”

“ಯಾವಾಗ ಸಾರ್?”

“ನಾಳೆ ಗುಬ್ಬಿಗೆ ಹೋಗದು ತಪ್ತಲ್ಲ, ಮನೇಲೇ ಇರ್ತೀನಿ. ಗುಬ್ಬಿಯೋರ್ಗೆ ನಾನು ಹೇಳ್ತೀನಿ, ಬುಡು. ಇನ್ನ ಹೋಗಿ ಬಸ್ ಹತ್ತು, ಜನ ಹೊಡ್ದಾರು.”

ಕನಕರಾಜು ಹೊರಟವನು ಒಂದು ಕ್ಷಣ ಅವಳ ಮುಂದೆ ನಿಂತ. ಅವಳು ಬಟ್ಟೆಯನ್ನು ಕಣ್ಣಿನ ಕೆಳಗಿನ ತನಕ ಮಾತ್ರ ಇಳಿಸಿದಳು.

“ಸೋಮವಾರ ಫ್ಲಾಸ್ಕ್ ತರ್ತೀರಾ?”

“ಪುಡಿ ಎಲ್ಲಿದೆ?”

“ಬರೀ ಬಿ‌ಸಿನೀರೇ ಕುಡಿಯೋಣ.”

ಕುಡಿದರು. ಮದುವೆಯ ತನಕ ಪ್ರತಿ ಸೋಮವಾರ, ಹೆಬ್ಬೂರು ಬಂದಾಗ, ಬರೀ ಬಿಸಿನೀರು. ಗ್ರೀನ್ ಟೀ ಮತ್ತೆ ಸಿಕ್ಕಿದ್ದು ಆರು ವರ್ಷದ ಮೇಲೆ, ಮಗಳು ತನುಶ್ರೀಗೆ ನಾಲ್ಕು ವರ್ಷವಾಗಿದ್ದಾಗ, ಬೆಂಗಳೂರಿನ ಒಂದು ಅಂಗಡಿಯಲ್ಲಿ. ಮೊದಲ ಗುಟುಕಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸಿಹಿ ಬರುವ ತನಕ ಮಾತಾಡದೆ ಕೂತಿದ್ದರು.

ಈಗಲೂ ಕೆಲವು ಬೆಳಿಗ್ಗೆ ಐದು ಗಂಟೆಗೆ, ಫಸ್ಟ್ ಶಿಫ್ಟ್ ಇದ್ದಾಗ, ಕನಕರಾಜು ಎದ್ದು ಬಂದು ಎದುರಿಗೆ ಕೂರುತ್ತಾನೆ. ನೀರು ಆರುವ ಹೊತ್ತಿಗೆ ಒಂದು ಹಳೆಯ ಜಗಳ ಶುರುವಾಗುತ್ತದೆ.

“ನಿಮ್ಮಜ್ಜಿ ಕಲಸಿದ್ದು ಲೆಕ್ಕಕ್ಕಿಲ್ಲ ಕಣೇ. ನಾವು ಕುಡಿದು ಖಾಲಿ ಮಾಡಿದ್ದಾಗಿದ್ರೆ ಸರಿ.”

“ಡಬ್ಬಿ ಖಾಲಿ ಆಗೋದ್ರೊಳಗೆ ಅಂದಿದ್ರಿ. ಯಾರು ಖಾಲಿ ಮಾಡ್ಬೇಕು ಅಂತ ಹೇಳಿರ್ಲಿಲ್ಲ.”

“ಬಂದ್ನಲ್ಲ?”

“ಬಂದ್ರಿ.”

ಅವನು ಬಂದು ಕೇಳಿದ ದಿನಕ್ಕೆ ಡಬ್ಬಿ ಖಾಲಿಯಾಗಿ ಒಂದು ವಾರವಾಗಿತ್ತು. ಕನಕರಾಜು ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.